ಮರೆತ ನಟಿಗೆ ಊರಲ್ಲೊಂದು ಮೂರ್ತಿ: ಹೊಸಬರಿಗೆ ಮೊದಲ ಪಾಠ

ಬೀದರ, ಭಾಲ್ಕಿ, ಔರಾದ, ಇವುಗಳಲ್ಲಿ ಯಾವ ಊರಲ್ಲಿ ದಾರಿ ಕೇಳಿದರೂ ಉತ್ತರದಲ್ಲಿ ಒಂದು ಮೂರ್ತಿ ಬಂದೇ ಬರುತ್ತದೆ. ಅಂಬೇಡ್ಕರ್ ಸರ್ಕಲ್ ದಾಟಿ ಹೋಗಿ, ಬಸವೇಶ್ವರ ಸರ್ಕಲ್ ಹತ್ತಿರ ಇಳಿದುಬಿಡಿ, ಹೀಗೆ. ಪಕ್ಕದ ಬಸವಕಲ್ಯಾಣದಲ್ಲಂತೂ 2012ರಲ್ಲಿ ಅನಾವರಣಗೊಂಡ 108 ಅಡಿಯ ಬಸವಣ್ಣನವರು ದೂರದಿಂದಲೇ ಕಾಣಿಸುತ್ತಾರೆ. ಮೂರ್ತಿ ನಮ್ಮ ಕಡೆಯವರಿಗೆ ಹೊಸದಲ್ಲ. ಹೊಸದಾಗಿರುವುದು ಜನ ಮರೆತುಬಿಟ್ಟಿರುವ ಒಬ್ಬ ಸಿನಿಮಾ ನಟಿಗೆ ಆಕೆಯ ಹುಟ್ಟೂರಲ್ಲೇ ಮೂರ್ತಿ ನಿಲ್ಲಿಸಬೇಕೆಂಬ ಆಸೆ. ಇದು ಒಳ್ಳೆಯ ಆಸೆ. ಆದರೆ ಇದಕ್ಕೆ ಸರ್ಕಲ್ಲಿನ ಮೂರ್ತಿಗಳ ಲೆಕ್ಕಾಚಾರ ಸಾಲುವುದಿಲ್ಲ.

ಇಂಥ ಕೆಲಸಕ್ಕೆ ಹೊರಡುವ ಯುವಕ ಮಂಡಳದವರು, ಕಾಲೇಜಿನ ಹುಡುಗ ಹುಡುಗಿಯರು ನನ್ನಂಥ ಡ್ರಾಯಿಂಗ್ ಮಾಸ್ತರರನ್ನು ಮೊದಲು ಕೇಳುವ ಪ್ರಶ್ನೆ, ‘ಖರ್ಚು ಎಷ್ಟು ಬರುತ್ತದೆ ಸರ್?’ ಅದರ ಹಿಂದೆಯೇ ಬರುವುದು, ‘ಅನಾವರಣಕ್ಕೆ ಯಾರನ್ನು ಕರೆಸೋಣ?’ ಇವೆರಡೂ ಕೊನೆಗೆ ಕೇಳಬೇಕಾದ ಪ್ರಶ್ನೆಗಳು. ಮೊದಲು ಕೇಳಬೇಕಾದದ್ದು ಬೇರೆಯೇ ಇದೆ: ದಾರಿಯಲ್ಲಿ ಹೋಗುವವನು ಈ ಮೂರ್ತಿ ನೋಡಿ ಇದು ಯಾರೆಂದು ಹೇಗೆ ತಿಳಿಯಬೇಕು?

ಮೂರನೆಯ ಇಯತ್ತೆಯ ಮಗುವಿಗೆ ಒಂದು ಕೋಲು, ಒಂದು ದುಂಡು ಕನ್ನಡಕ ಬರೆದು ತೋರಿಸಿ. ಗಾಂಧಿ ಅನ್ನುತ್ತದೆ. ನೀಲಿ ಕೋಟು, ಕೈಯಲ್ಲಿ ಪುಸ್ತಕ, ಮುಂದೆ ಚಾಚಿದ ಬೆರಳು ಬರೆಯಿರಿ, ಬಾಬಾಸಾಹೇಬ ಅನ್ನುತ್ತದೆ. ಮುಖ ಬರೆಯುವ ಅಗತ್ಯವೇ ಬೀಳುವುದಿಲ್ಲ. ಈ ಗುರುತುಗಳನ್ನು ಯಾವ ಶಿಲ್ಪಿಯೂ ಒಂದು ದಿನದಲ್ಲಿ ಮಾಡಿದ್ದಲ್ಲ. ಕ್ಯಾಲೆಂಡರು, ನೋಟು, ಶಾಲೆಯ ಗೋಡೆ, ಜಯಂತಿಯ ಬ್ಯಾನರು, ಎಲ್ಲ ಸೇರಿ ದಶಕಗಟ್ಟಲೆ ಕೂಡಿಸಿಟ್ಟದ್ದು. ಸರ್ಕಲ್ಲಿನ ಮೂರ್ತಿ ಆ ಗಂಟನ್ನು ಬಳಸಿಕೊಳ್ಳುತ್ತದೆ. ಅದು ಒಂದಿಷ್ಟು ಸೊಟ್ಟಗಿದ್ದರೂ ನಡೆಯುತ್ತದೆ.

ಮರೆತ ನಟಿಯ ಹಿಂದೆ ಅಂಥ ಗಂಟು ಇರುವುದಿಲ್ಲ. ಸೀರೆ ಉಟ್ಟು ನಿಂತ ಒಬ್ಬ ಹೆಂಗಸಿನ ಮೂರ್ತಿಯನ್ನು, ಎಷ್ಟೇ ಚೆನ್ನಾಗಿ ಮಾಡಿದರೂ, ಬಸ್ಸಿನ ಕಿಟಕಿಯಿಂದ ನೋಡಿದವನು ಯಾರೋ ದಾನಿಯ ತಾಯಿ ಇರಬೇಕು ಅಂದುಕೊಳ್ಳುತ್ತಾನೆ. ಹಾಗಾಗಿ ಇಂಥ ಮೂರ್ತಿ ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳಬೇಕು. ಮುಖ ತೋರಿಸುವುದಕ್ಕಿಂತ ಮೊದಲು ಆಕೆ ಮಾಡಿದ ಕೆಲಸ ತೋರಿಸಬೇಕು. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಒಂದು ನಿಜವಾದ ಹೆಸರು ಇಟ್ಟುಕೊಂಡು ನೋಡೋಣ. ಅಮೀರ್‌ಬಾಯಿ ಕರ್ನಾಟಕಿ. ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿ ಅವರ ಊರು. ಆಗ ಅದು ಬಿಜಾಪುರ ಜಿಲ್ಲೆ, ಮುಂಬಯಿ ಪ್ರಾಂತ್ಯ. ಮನೆತನವೇ ಹಾಡು ನಾಟಕಗಳದ್ದು. ಅಕ್ಕತಂಗಿಯರಲ್ಲಿ ಗೋಹರ್‌ಬಾಯಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಜೊತೆ ಹೆಸರಾದವರು. ಅಮೀರ್‌ಬಾಯಿ ಮುಂಬಯಿಗೆ ಹೋಗಿ 1930ರ ದಶಕದಲ್ಲಿ ಸಿನಿಮಾ ಸೇರಿದರು. ನಟಿಯೂ ಹೌದು, ಗಾಯಕಿಯೂ ಹೌದು. ಹಿಂದಿ, ಗುಜರಾತಿ, ಮರಾಠಿ, ಕನ್ನಡ ಎಲ್ಲದರಲ್ಲೂ ಹಾಡಿದರು. 1940ರ ‘ನರಸಿ ಭಗತ್’ ಚಿತ್ರದಲ್ಲಿ ಅವರ ದನಿಯಿದೆ. 1943ರಲ್ಲಿ ಬಾಂಬೆ ಟಾಕೀಸಿನ ‘ಕಿಸ್ಮತ್’ ಬಂತು. ಅನಿಲ್ ಬಿಸ್ವಾಸ್ ಸಂಗೀತ. ಕಲಕತ್ತೆಯ ರಾಕ್ಸಿ ಟಾಕೀಸಿನಲ್ಲಿ ಆ ಸಿನಿಮಾ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ‘ಶೋಲೆ’ ಬರುವವರೆಗೂ ಆ ದಾಖಲೆ ಹಾಗೇ ಇತ್ತು. ಅದರ ಮರುವರ್ಷ ನೌಷಾದರ ‘ರತನ್’, ಅದರಲ್ಲೂ ಅಮೀರ್‌ಬಾಯಿ. 1948ರಲ್ಲಿ ‘ಶಹನಾಜ್’ ಎಂಬ ಚಿತ್ರಕ್ಕೆ ಸ್ವತಃ ಸಂಗೀತ ಕೊಟ್ಟರು. ಆ ಕಾಲಕ್ಕೆ ಹೆಣ್ಣೊಬ್ಬಳು ಸಂಗೀತ ನಿರ್ದೇಶಕಿಯಾಗುವುದು ಎಂದರೆ ಸಣ್ಣ ಮಾತಲ್ಲ. ತೀರಿಕೊಂಡದ್ದು 1965ರಲ್ಲಿ, ಮಣ್ಣಾದದ್ದು ಬಿಜಾಪುರದಲ್ಲಿ. ಅಲ್ಲಿ ಅವರ ಹೆಸರಿನಲ್ಲಿ ಒಂದು ಚಿತ್ರಮಂದಿರವೇ ಇದೆ, ಅಮೀರ್ ಟಾಕೀಸ್. ರಹಮತ್ ತರೀಕೆರೆಯವರು ಅವರ ಬಗ್ಗೆ ಕನ್ನಡದಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟದ್ದು 1973ರಲ್ಲಿ. ಈಕೆ ಅದಕ್ಕೆ ಮೂರು ದಶಕ ಮೊದಲೇ ಆ ಹೆಸರನ್ನು ಗ್ರಾಮಫೋನ್ ತಟ್ಟೆಯ ಮೇಲೆ ಹಾಕಿಸಿಕೊಂಡು ಮುಂಬಯಿಯಿಂದ ಕಲಕತ್ತೆಯವರೆಗೆ ಒಯ್ದಿದ್ದರು.

ಇಷ್ಟು ದೊಡ್ಡ ಹೆಸರು ಮರೆಯಾದದ್ದು ಹೇಗೆ? ಇದು ತಿಳಿಯದೆ ಮೂರ್ತಿಗೆ ಕೈಹಾಕಬಾರದು. ಮರೆವಿಗೆ ಕಾರಣ ಏನೋ ಅದೇ ಮೂರ್ತಿಯಲ್ಲಿ ಏನನ್ನು ತೋರಿಸಬೇಕು ಎಂದೂ ಹೇಳಿಕೊಡುತ್ತದೆ. ‘ಕಿಸ್ಮತ್’ನ ಪರದೆಯ ಮೇಲೆ ಜನ ನೋಡಿದ್ದು ನಾಯಕಿ ಮುಮ್ತಾಜ್ ಶಾಂತಿಯ ಮುಖವನ್ನು, ಕೇಳಿದ್ದು ಅಮೀರ್‌ಬಾಯಿಯ ದನಿಯನ್ನು. ಹಿನ್ನೆಲೆ ಗಾಯಕರ ಹೆಸರನ್ನು ತಟ್ಟೆಯ ಮೇಲೆ ಹಾಕುವ ರೂಢಿಯೂ ಆಗ ಗಟ್ಟಿಯಾಗಿರಲಿಲ್ಲ. 1949ರ ‘ಮಹಲ್’ ಚಿತ್ರದ ತಟ್ಟೆಯ ಮೇಲೆ ಲತಾ ಮಂಗೇಶ್ಕರ್ ಹೆಸರಿನ ಬದಲು ಕಾಮಿನಿ ಎಂಬ ಪಾತ್ರದ ಹೆಸರು ಅಚ್ಚಾಗಿತ್ತು, ನೋಡಿ. ಲತಾ ಅವರ ಕಾಲ ಶುರುವಾದ ಮೇಲೆ ಹಳೆಯ ತುಂಬು ಕಂಠದವರಿಗೆ ಕರೆ ಕಡಿಮೆಯಾಯಿತು. ಅಮೀರ್‌ಬಾಯಿ ಮತ್ತೆ ಪೋಷಕ ಪಾತ್ರಗಳಿಗೆ ಹೊರಳಿದರು. ಕಂಠಕ್ಕೆ ಬೇರೆಯವರ ಮುಖ, ಮುಖಕ್ಕೆ ಸಣ್ಣ ಪಾತ್ರ. ಇಂಥವರ ಮುಖವನ್ನಷ್ಟೇ ಕಂಚಿನಲ್ಲಿ ಎರಕ ಹೊಯ್ದು ನಿಲ್ಲಿಸಿದರೆ ಹಾಡು ಗೊತ್ತಿರುವ ಮುದುಕನೂ ಗುರುತು ಹಿಡಿಯಲಾರ.

ಹಾಗಿದ್ದರೆ ಬೀಳಗಿಯಲ್ಲಿ ಅವರ ಮೂರ್ತಿ ಹೇಗಿರಬೇಕು? ಬರೀ ಅಭ್ಯಾಸಕ್ಕಾಗಿ ಯೋಚಿಸಿ ನೋಡಿ. ನನ್ನನ್ನು ಕೇಳಿದರೆ ಕೈಮುಗಿದು ನಿಂತ ಭಂಗಿ ಬೇಡವೇ ಬೇಡ. ನಮ್ಮಲ್ಲಿ ಹೆಂಗಸರ ಮೂರ್ತಿ ಎಂದರೆ ಒಂದೋ ಕತ್ತಿ ಹಿಡಿದಿರಬೇಕು, ಇಲ್ಲವೇ ಕೈಮುಗಿದಿರಬೇಕು ಎಂಬಂತಾಗಿದೆ. ಅಮೀರ್‌ಬಾಯಿ ಮೈಕಿನ ಮುಂದೆ ನಿಂತು ದುಡಿದವರು. 1940ರ ದಶಕದ ಆ ದೊಡ್ಡ ಮೈಕು, ಅದರ ಎದುರು ಒಂದಿಷ್ಟು ಮುಂದಕ್ಕೆ ಬಾಗಿದ ಹೆಂಗಸು, ಕೈಯಲ್ಲಿ ಹಾಡು ಬರೆದುಕೊಂಡ ಕಾಗದ. 78 ಸುತ್ತಿನ ತಟ್ಟೆಯಲ್ಲಿ ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ವಾದ್ಯದವರೆಲ್ಲ ಕೂಡಿಯೇ ನುಡಿಸಬೇಕು, ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿಂದ ಶುರುಮಾಡಬೇಕು. ಆ ಮೂರು ನಿಮಿಷದ ಬಿಗಿ ಹೆಗಲಲ್ಲಿ, ಕತ್ತಿನಲ್ಲಿ ಕಾಣಬೇಕು. ಅದು ಕಂಡರೆ ಯಾರೋ ಹಾಡುವವರು ಎಂಬುದಾದರೂ ತಿಳಿಯುತ್ತದೆ, ತಿಳಿದವನು ಹತ್ತಿರ ಬಂದು ಹೆಸರು ಓದುತ್ತಾನೆ.

ಕೆಲಸ ತೋರಿಸಿದರೆ ಆಯಿತು, ಮುಖ ಹೇಗಿದ್ದರೂ ಸರಿ ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸೆಲೊರಾನ್ ಎಂಬ ಹಳ್ಳಿಯ ಕಥೆ ಕೇಳಿ. ಟಿವಿಯ ಹಾಸ್ಯನಟಿ ಲೂಸಿಲ್ ಬಾಲ್ ಬೆಳೆದ ಊರು ಅದು. 2009ರಲ್ಲಿ ಅಲ್ಲಿ ಅವರ ಕಂಚಿನ ಮೂರ್ತಿ ನಿಂತಿತು. ಶಿಲ್ಪಿ ಡೇವ್ ಪೌಲಿನ್. ಭಂಗಿಯ ಆಯ್ಕೆ ಸರಿಯಾಗಿಯೇ ಇತ್ತು: ಟಾನಿಕ್ ಬಾಟಲಿ, ಚಮಚ ಹಿಡಿದು ಜಾಹೀರಾತು ಹೇಳುವ ಅವರ ಹೆಸರಾಂತ ದೃಶ್ಯ. ಆದರೆ ಮುಖ ಕೈಕೊಟ್ಟಿತು. ನಗು ಹಲ್ಲುಕಿರಿದಂತೆ, ಕಣ್ಣು ಬೆದರಿದಂತೆ. ಊರವರು ಅದಕ್ಕೆ ‘ಹೆದರಿಸುವ ಲೂಸಿ’ ಎಂದು ಹೆಸರಿಟ್ಟರು, ತೆಗೆಸಬೇಕೆಂದು ಹಟ ಹಿಡಿದರು, ಶಿಲ್ಪಿ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. 2016ರ ಆಗಸ್ಟಿನಲ್ಲಿ ಕ್ಯಾರೊಲಿನ್ ಪಾಮರ್ ಎಂಬ ಶಿಲ್ಪಿ ಮಾಡಿದ ಹೊಸ ಮೂರ್ತಿ ಬಂತು. ತಮಾಷೆ ಏನೆಂದರೆ ಹಳೆಯದನ್ನೂ ಅವರು ಕರಗಿಸಲಿಲ್ಲ, ಪಾರ್ಕಿನಲ್ಲೇ ಉಳಿಸಿಕೊಂಡರು. ಜನ ಈಗ ಎರಡನ್ನೂ ನೋಡಲು ಬರುತ್ತಾರೆ. ಲೂಸಿಲ್ ಬಾಲ್ ಮುಖ ಮನೆಮನೆಗೆ ಗೊತ್ತಿದ್ದದ್ದರಿಂದ ತಪ್ಪು ಹಿಡಿಯುವವರು ಇದ್ದರು. ಮರೆತ ನಟಿಯ ವಿಷಯದಲ್ಲಿ ಹಾಗೆ ಹಿಡಿಯುವವರೂ ಇರುವುದಿಲ್ಲ. ಶಿಲ್ಪಿ ಮಾಡಿದ್ದೇ ಮುಖ ಎಂದಾಗಿಬಿಡುತ್ತದೆ. ಹೊಣೆ ದೊಡ್ಡದು.

ಮುಖವೇ ಸಿಗದಿದ್ದರೆ? ಅಂಥ ಸಂದರ್ಭವೂ ಇದೆ. ಮಲಯಾಳದ ಮೊದಲ ಚಿತ್ರ ‘ವಿಗತಕುಮಾರನ್’ನ ನಾಯಕಿ ಪಿ.ಕೆ. ರೋಸಿ ದಲಿತ ಹೆಣ್ಣುಮಗಳು. ತೆರೆಯ ಮೇಲೆ ನಾಯರ್ ಹೆಂಗಸಿನ ಪಾತ್ರ ಮಾಡಿದ್ದಕ್ಕೆ ಮೇಲ್ಜಾತಿಯವರು ಗಲಾಟೆ ಎಬ್ಬಿಸಿ ಊರುಬಿಡಿಸಿದರು. ಆಕೆ ತಮಿಳುನಾಡಿಗೆ ಹೋಗಿ ಯಾರಿಗೂ ಗೊತ್ತಾಗದಂತೆ ಬದುಕಿ ತೀರಿಕೊಂಡರು. ಸಿನಿಮಾದ ಪ್ರತಿ ಉಳಿದಿಲ್ಲ. ನಮ್ಮ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಪಾಡೂ ಅದೇ. ತ್ರಿಪುರಾಂಬ ಸುಲೋಚನೆಯಾಗಿ ನಟಿಸಿದ್ದ ಆ ಚಿತ್ರದ ಪ್ರತಿಯೂ ಇಂದು ನೋಡಲು ಸಿಗುವುದಿಲ್ಲ. ಇಂಥವರಿಗೆ ಅಂದಾಜಿನ ಮೇಲೆ ಒಂದು ಚೆಲುವಾದ ಮುಖ ಕಟ್ಟಿ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಖಾಲಿ ಪರದೆಯ ಚೌಕಟ್ಟು, ಅದರ ಮುಂದೆ ಒಂದು ಹೆಸರು, ನಡೆದ ಸಂಗತಿ ನಾಲ್ಕು ಸಾಲು, ಇಷ್ಟಿದ್ದರೆ ಅದೇ ಹೆಚ್ಚು ಪ್ರಾಮಾಣಿಕ.

ಇನ್ನು ಕೆಲಸದ ಮನೆಗೆ ಬರೋಣ. ಶಿಲ್ಪಿಗೆ ಒಂದು ಫೋಟೊ ಕೊಟ್ಟು ಹೀಗೇ ಮಾಡಿಕೊಡಿ ಎಂದರೆ ಆಗುವುದಿಲ್ಲ. ಎದುರಿನಿಂದ, ಎರಡೂ ಪಕ್ಕದಿಂದ, ಸಾಧ್ಯವಾದರೆ ಹಿಂದಿನಿಂದ ಬೇಕು. ಸ್ಟುಡಿಯೊದ ಫೋಟೊಗಳಲ್ಲಿ ಬೆಳಕು ಬಿಟ್ಟು, ರೀಟಚ್ ಮಾಡಿ ಮೂಗು ಗಲ್ಲಗಳನ್ನು ನಯಮಾಡಿರುತ್ತಾರೆ. ನಟಿ ಎಂಬುದರಿಂದ ಒಂದು ಲಾಭ ಇದೆ, ಸಿನಿಮಾ ಉಳಿದಿದ್ದರೆ ಅದನ್ನು ತಡೆ ತಡೆದು ನೋಡಬಹುದು. ಒಂದು ಸೆಕೆಂಡಿಗೆ 24 ಚೌಕಟ್ಟು, ಆಕೆ ಕತ್ತು ತಿರುಗಿಸಿದರೆ ತಲೆಯ ಎಲ್ಲ ಕೋನಗಳೂ ಸಿಗುತ್ತವೆ. ಪೋಸ್ಟರನ್ನು ಮಾತ್ರ ನಂಬಬೇಡಿ, ಅದು ಇನ್ನೊಬ್ಬ ಕಲಾವಿದನ ಕಲ್ಪನೆ. ಯಾವ ವಯಸ್ಸಿನ ಮುಖ ಎಂಬುದೂ ಮೊದಲೇ ತೀರ್ಮಾನವಾಗಬೇಕು. ಕುಟುಂಬದವರು ಕೊನೆಗಾಲದ ಫೋಟೊ ಕೊಡುತ್ತಾರೆ, ಅಭಿಮಾನಿಗಳು ಹದಿನೆಂಟರ ಫೋಟೊ ತರುತ್ತಾರೆ. ಅತ್ಯುತ್ತಮ ಕೆಲಸ ಮಾಡಿದ ವರ್ಷದ ಮುಖ ಇರಲಿ ಎಂಬುದು ನನ್ನ ಮತ.

ಶಿಲ್ಪಿ ಮೊದಲು ಅಂಗೈ ಅಗಲದ ಒಂದು ಮಾದರಿ ಮಾಡುತ್ತಾನೆ. ಒಪ್ಪಿಗೆಯಾದ ಮೇಲೆ ಕಬ್ಬಿಣದ ಸರಳು ಬಗ್ಗಿಸಿ ಹಂದರ ಕಟ್ಟಿ, ಅದರ ಮೇಲೆ ಜೇಡಿಮಣ್ಣು ಹಚ್ಚಿ ಪೂರ್ತಿ ಆಳೆತ್ತರದ ರೂಪ ತರುತ್ತಾನೆ. ಇಡೀ ಕೆಲಸದಲ್ಲಿ ನೀವು ಬಾಯಿಬಿಡಬೇಕಾದ ಗಳಿಗೆ ಇದೊಂದೇ. ಮಣ್ಣಿನಲ್ಲಿರುವಾಗ ಮೂಗು ತಿದ್ದಬಹುದು, ಕಂಚಾದ ಮೇಲೆ ತಿದ್ದುವುದಕ್ಕಾಗುವುದಿಲ್ಲ. ಆಕೆಯನ್ನು ಕಂಡಿದ್ದ ಒಬ್ಬಿಬ್ಬರು ಹಿರಿಯರು ಬದುಕಿದ್ದರೆ ಅವರನ್ನು ಕರೆದುಕೊಂಡು ಹೋಗಿ ಮಣ್ಣಿನ ಮುಂದೆ ನಿಲ್ಲಿಸಿ. ಅವರು ‘ಗಲ್ಲ ಇಷ್ಟು ತುಂಬಿರಲಿಲ್ಲ’ ಎಂದರೆ ಅದು ನೂರು ಫೋಟೊಗೆ ಸಮ. ಆಮೇಲೆ ಮಣ್ಣಿನ ಮೇಲೆ ಅಚ್ಚು ತೆಗೆದು, ಅಚ್ಚಿನೊಳಗೆ ತೆಳುವಾಗಿ ಮೇಣ ಹಚ್ಚಿ, ಮೇಣದ ರೂಪದ ಸುತ್ತ ಬೆಂಕಿ ತಡೆಯುವ ಕವಚ ಕಟ್ಟಿ, ಕಾಯಿಸಿ ಮೇಣ ಇಳಿಸಿ, ಖಾಲಿಯಾದ ಜಾಗಕ್ಕೆ ಕರಗಿದ ಕಂಚು ಹೊಯ್ಯುತ್ತಾರೆ. ತುಂಡು ತುಂಡಾಗಿ ಹೊಯ್ದದ್ದನ್ನು ಬೆಸೆದು, ಉಜ್ಜಿ, ಬಣ್ಣ ತರಿಸುತ್ತಾರೆ. ಕಂಚಿಗೆ ದುಡ್ಡು ಸಾಲದವರು ಫೈಬರಿಗೆ ಹೋಗುತ್ತಾರೆ. ಮೇಲೆ ಕಂಚಿನ ಬಣ್ಣ ಬಳಿದ ಫೈಬರ್ ಅನಾವರಣದ ದಿನ ಕಂಚಿನಂತೆಯೇ ಕಾಣುತ್ತದೆ. ನಮ್ಮ ಬಿಸಿಲಿಗೆ ಕೆಲವೇ ಬೇಸಿಗೆಯಲ್ಲಿ ಬಣ್ಣ ಸುಲಿದು ಒಳಗಿನ ನಾರು ಕಾಣತೊಡಗುತ್ತದೆ. ಮೊದಲೇ ಮರೆತವರನ್ನು ಹಾಗೆ ನಿಲ್ಲಿಸುವುದಕ್ಕಿಂತ, ಆಳೆತ್ತರ ಬಿಟ್ಟು ಎದೆಮಟ್ಟದ ಸಣ್ಣ ಕಂಚಿನ ಮೂರ್ತಿ ಮಾಡಿಸುವುದು ಮೇಲು.

ಬೀದರಿನವರಾದ ನಮಗೆ ಇನ್ನೊಂದು ದಾರಿಯೂ ಇದೆ, ಬಿದ್ರಿ. 2006ರಲ್ಲಿ ಭೌಗೋಳಿಕ ಗುರುತು ಪಡೆದ, 2023ರಲ್ಲಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ತಂದುಕೊಟ್ಟ ಕಸುಬು. ಅದನ್ನು ಹೂದಾನಿ, ಹುಕ್ಕಾ, ಸನ್ಮಾನದ ಫಲಕಗಳಾಚೆಗೆ ಯೋಚಿಸುವುದೇ ಇಲ್ಲ ನಾವು. ಒಮ್ಮೆ ಕಾರ್ಖಾನೆಯಲ್ಲಿ ಕೂತು ನೋಡಿ. ಸತು ಹೆಚ್ಚು, ತಾಮ್ರ ಕಡಿಮೆ, ಹದಿನಾರಕ್ಕೆ ಒಂದರ ಆಸುಪಾಸು. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದಾಗ ಹೊರಬರುವುದು ಮಂಕು ಬೂದಿಬಣ್ಣದ ತುಂಡು. ಅರದಿಂದ ಉಜ್ಜಿ ನಯಮಾಡಿ ಮೈಲುತುತ್ತದ ನೀರು ಸವರುತ್ತಾರೆ, ಗೆರೆ ಎಳೆದರೆ ಕಾಣಲಿ ಎಂದು ತಾತ್ಕಾಲಿಕ ಕಪ್ಪು. ಚಿತ್ರ ಕಾಗದದಿಂದ ಇಳಿಸುವುದಿಲ್ಲ, ನುರಿತವರು ಕೈಯಲ್ಲೇ ಉಳಿಯಿಂದ ಕೊರೆಯುತ್ತಾರೆ. ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿ ಕೂಡಿಸಿ ಸಣ್ಣ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ, ಇದಕ್ಕೆ ತಾರ್‌ಕಶಿ ಎನ್ನುತ್ತಾರೆ. ಇಷ್ಟಾದರೂ ಬೆಳ್ಳಿ ಬೂದಿಬಣ್ಣದಲ್ಲೇ ಬೆರೆತುಹೋಗಿರುತ್ತದೆ. ಕೊನೆಗೆ ಕೋಟೆಯ ಹಳೆಯ ಮಣ್ಣು. ಬಿಸಿಲು ಮಳೆ ತಾಗದ ಮೂಲೆಯ ಮಣ್ಣೇ ಆಗಬೇಕು, ಹದ ನೋಡಲು ನಾಲಗೆಗೆ ಹಚ್ಚಿ ರುಚಿ ನೋಡುವವರೂ ಇದ್ದಾರೆ. ಅದನ್ನು ನವಸಾಗರದ ಜೊತೆ ನೀರಿನಲ್ಲಿ ಕಾಯಿಸಿ ತುಂಡಿಗೆ ಉಣಿಸಿದರೆ ಸತುವೆಲ್ಲ ಕಡುಗಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಗೆರೆಗಳೆಲ್ಲ ಒಮ್ಮೆಲೇ ಎದ್ದು ಕಾಣುತ್ತವೆ. ಕಪ್ಪು ಬಿಳುಪಿನ ಸಿನಿಮಾದ ನಟಿಯ ಮುಖಕ್ಕೆ ಇದಕ್ಕಿಂತ ಹೊಂದುವ ಮಾಧ್ಯಮ ನನಗೆ ಕಂಡಿಲ್ಲ.

ಆದರೆ ಬಯಲಿಗೆ ಇದು ಆಗುವುದಿಲ್ಲ. ಸತು ಪೆಟ್ಟು ತಾಳುವುದಿಲ್ಲ, ಮಳೆಬಿಸಿಲಿಗೆ ಕಪ್ಪು ಮಂಕಾಗುತ್ತದೆ, ಬೆಳ್ಳಿಯನ್ನು ಕಿತ್ತುಕೊಂಡು ಹೋಗುವವರೂ ಇದ್ದಾರೆ. ಬೀದರಿನ ಚನ್ನಬಸವ ಪಟ್ಟದ್ದೇವರು ರಂಗಮಂದಿರದಂಥ ಕಡೆ, ಒಳಗೋಡೆಯಲ್ಲಿ, ಎರಡು ಮೂರು ಅಡಿಯ ಬಿದ್ರಿ ಫಲಕವಾದರೆ ಸರಿ. ಹೊರಗಿನ ಕಟ್ಟೆಗೆ ನಮ್ಮ ಕೆಂಪು ಜಂಬಿಟ್ಟಿಗೆ ಕಲ್ಲು ಸಾಕು. ಊರೇ ಅದರ ಮೇಲೆ ಕೂತಿದೆ, ಕೋಟೆಯೂ ಅದರದ್ದೇ. ರಂಧ್ರ ತುಂಬಿದ ಆ ಕಲ್ಲಿನಲ್ಲಿ ಮುಖ ಕೆತ್ತಲು ಮಾತ್ರ ಹೋಗಬೇಡಿ.

ಕಟ್ಟೆಯ ಎತ್ತರದ ಬಗ್ಗೆ ಜಗಳ ಬಂದೇ ಬರುತ್ತದೆ. ಎತ್ತರ ಇಟ್ಟಷ್ಟೂ ಗೌರವ ಎಂದು ನಾವು ತಿಳಿದಿದ್ದೇವೆ. ಹತ್ತಡಿ ಕಟ್ಟೆಯ ಮೇಲೆ ನಿಲ್ಲಿಸಿದ ಮೂರ್ತಿಯ ಗಲ್ಲದ ಕೆಳಭಾಗ ಮತ್ತು ಮೂಗಿನ ಹೊಳ್ಳೆ ಬಿಟ್ಟರೆ ಕೆಳಗಿನವರಿಗೆ ಬೇರೇನೂ ಕಾಣುವುದಿಲ್ಲ. ಬಲ್ಲ ಶಿಲ್ಪಿಗಳು ಇದಕ್ಕೇ ಎತ್ತರದ ಮೂರ್ತಿಗೆ ತಲೆ ಸ್ವಲ್ಪ ದೊಡ್ಡದು ಮಾಡುತ್ತಾರೆ. ಇನ್ನೊಂದು ಸೂಕ್ಷ್ಮ: ಬಯಲಿನಲ್ಲಿ ಸರಿಯಾಗಿ ಆಳಳತೆಯಲ್ಲಿ ಮಾಡಿದ ಮೂರ್ತಿ ಕುಳ್ಳಾಗಿ ಕಾಣುತ್ತದೆ, ಕಾಲುಭಾಗ ಹೆಚ್ಚು ಬೇಕಾಗುತ್ತದೆ. ಮರೆತವರಿಗೆ ಒಂದು ಗೇಣು ಕಟ್ಟೆ ಸಾಕು. ಶಾಲೆಯ ಹುಡುಗಿ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವ ಹಾಗಿರಲಿ.

ಜಾಗದ ವಿಷಯದಲ್ಲಿ ಹೊಸಬರು ಎಡವುವುದು ಹೆಚ್ಚು. ಸರ್ಕಲ್ ಬೇಕೆಂದು ಹೊರಡಬೇಡಿ. ಸಾರ್ವಜನಿಕ ರಸ್ತೆ, ಕಾಲುದಾರಿ ಮತ್ತು ಸಾರ್ವಜನಿಕ ಬಳಕೆಯ ಜಾಗಗಳಲ್ಲಿ ಮೂರ್ತಿ ಸ್ಥಾಪಿಸಲು ರಾಜ್ಯಗಳು ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶಿಸಿದೆ. ಬೀದರ ನಗರದಲ್ಲಿ ಇನ್ನೊಂದು ತೊಡಕು. ಕೋಟೆ, ಮಹಮೂದ್ ಗವಾನನ ಮದರಸಾದಂಥ ಕೇಂದ್ರ ಸಂರಕ್ಷಿತ ಸ್ಮಾರಕಗಳಿಂದ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಯ 200 ಮೀಟರಿನಲ್ಲಿ ಮೊದಲೇ ಅನುಮತಿ ಬೇಕು. 2010ರ ತಿದ್ದುಪಡಿ ಕಾಯ್ದೆ ಹಾಗೆ ಹೇಳುತ್ತದೆ. ಹಳೆಯ ಊರಿನೊಳಗೆ ಈ ಎರಡು ವೃತ್ತ ಎಳೆದು ನೋಡಿ, ಉಳಿಯುವ ಜಾಗ ಎಷ್ಟೆಂದು ತಿಳಿಯುತ್ತದೆ. ಭಾಲ್ಕಿಯಲ್ಲಾದರೆ ಪುರಸಭೆ, ಔರಾದದಲ್ಲಾದರೆ ಪಟ್ಟಣ ಪಂಚಾಯಿತಿ, ಜಾಗದ ಮಾಲೀಕರು ಯಾರೆಂದು ಮೊದಲು ಕಾಗದದಲ್ಲಿ ಖಾತ್ರಿ ಮಾಡಿಕೊಳ್ಳಿ. ಕಾನೂನು ಹೇಗೇ ಇರಲಿ, ಸರ್ಕಲ್ ಈ ಕೆಲಸಕ್ಕೆ ಕೆಟ್ಟ ಜಾಗವೇ. ಅಲ್ಲಿ ಯಾರೂ ನಿಲ್ಲುವುದಿಲ್ಲ, ಸುತ್ತು ಹೊಡೆದು ಹೋಗುತ್ತಾರೆ. ಪರಿಚಯವಿಲ್ಲದವರ ಪರಿಚಯ ಆಗಬೇಕಾದರೆ ಜನ ಕಾಯುವ, ಕೂರುವ ಜಾಗ ಬೇಕು: ಗ್ರಂಥಾಲಯದ ಅಂಗಳ, ಹೆಣ್ಣುಮಕ್ಕಳ ಕಾಲೇಜು, ರಂಗಮಂದಿರ, ಟಾಕೀಸು. ಇಂಗ್ಲೆಂಡಿನ ಸ್ವಿಂಡನ್ ಊರಿನವರು ತಮ್ಮೂರ ನಟಿ ಡಯಾನಾ ಡೋರ್ಸ್ ತೀರಿಕೊಂಡ ಏಳು ವರ್ಷಕ್ಕೆ, 1991ರಲ್ಲಿ, ಜಾನ್ ಕ್ಲಿಂಚ್ ಎಂಬ ಶಿಲ್ಪಿಯಿಂದ ಮೂರ್ತಿ ಮಾಡಿಸಿದರು. ನಿಲ್ಲಿಸಿದ್ದು ಸಿನಿಮಾ ಮಂದಿರದ ಹೊರಗೆ.

ಮೂರ್ತಿಯ ಪಕ್ಕ ಹಾಡು ಕೇಳಿಸಬೇಕೆಂಬ ಆಸೆ ಕೆಲವರಿಗಿರುತ್ತದೆ. ನನಗೂ ಇಷ್ಟವೇ. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷಕ್ಕೆ ಮುಗಿಯುತ್ತದೆ, 1943ರ ತಟ್ಟೆಗೆ ಅದು ಎಂದೋ ಮುಗಿದಿದೆ. ಆದರೆ ಸಾಹಿತ್ಯ, ಸಂಗೀತದ ಹಕ್ಕಿನ ಲೆಕ್ಕ ಬೇರೆ. ರಚಿಸಿದವರು ತೀರಿದ ಮೇಲೂ 60 ವರ್ಷ ಇರುತ್ತದೆ. ‘ಕಿಸ್ಮತ್’ನ ಹಾಡುಗಳನ್ನು ಬರೆದ ಕವಿ ಪ್ರದೀಪ್ ತೀರಿಕೊಂಡದ್ದು 1998ರಲ್ಲಿ. ಆದ್ದರಿಂದ ಸ್ಪೀಕರ್ ಕೂರಿಸುವ ಮೊದಲು ಒಬ್ಬ ವಕೀಲರ ಮಾತು ಕೇಳಿ.

ಇನ್ನು ಫಲಕ. ಸರ್ಕಲ್ಲಿನ ಮೂರ್ತಿಗಳ ಶಿಲಾಫಲಕ ಓದಿದ್ದೀರಲ್ಲ? ಮಾನ್ಯರು, ಸನ್ಮಾನ್ಯರು, ಉಪಸ್ಥಿತರು, ಗುತ್ತಿಗೆದಾರರು ಎಲ್ಲ ಇರುತ್ತಾರೆ, ಮೂರ್ತಿಯಾದವರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಮಹಾಪುರುಷರಿಗೆ ಅದು ನಡೆದೀತು. ಇಲ್ಲಿ ನಡೆಯುವುದಿಲ್ಲ. ಹೆಸರು, ಊರು, ಬದುಕಿದ ವರ್ಷಗಳು, ಮಾಡಿದ ಮೂರು ಮುಖ್ಯ ಕೆಲಸ, ಮೂರ್ತಿ ಮಾಡಿದ ಶಿಲ್ಪಿಯ ಹೆಸರು, ಇಷ್ಟು ದೊಡ್ಡ ಅಕ್ಷರದಲ್ಲಿರಲಿ. ಗಣ್ಯರ ಹೆಸರು ಹಿಂಬದಿಗೆ ಹೋಗಲಿ. ಕನ್ನಡದ ಜೊತೆ ಉರ್ದು, ಮರಾಠಿಯಲ್ಲೂ ಬರೆಸಿ, ನಮ್ಮ ಮೂರೂ ಊರಲ್ಲಿ ಓದುವವರಿದ್ದಾರೆ. ವರ್ಷ ಕೆತ್ತಿಸುವ ಮೊದಲು ಎರಡು ಮೂಲಗಳಲ್ಲಿ ತಾಳೆ ನೋಡಿ. ಅಮೀರ್‌ಬಾಯಿ ಹುಟ್ಟಿದ ವರ್ಷ ಒಂದು ಕಡೆ 1906 ಎಂದಿದ್ದರೆ ಇನ್ನೊಂದು ಕಡೆ 1912 ಎಂದಿದೆ. ಇಂಥಲ್ಲಿ ‘ಸುಮಾರು’ ಎಂದು ಕೆತ್ತಿಸಲು ನಾಚಿಕೆ ಬೇಡ.

ಅನಾವರಣವಾದ ಮೇಲೆ ಏನು ಎಂಬುದನ್ನು ಯಾರೂ ಕೇಳುವುದಿಲ್ಲ. ಮಹಾಪುರುಷರ ಮೂರ್ತಿಗೆ ಜಯಂತಿ ಇದೆ, ವರ್ಷಕ್ಕೊಮ್ಮೆಯಾದರೂ ನೀರು ಬೀಳುತ್ತದೆ. ನಟಿಗೆ ಜಯಂತಿ ಯಾರು ಮಾಡುತ್ತಾರೆ? ಕಂಚಿನ ಮೂರ್ತಿಯನ್ನು ವರ್ಷಕ್ಕೊಮ್ಮೆ ತೊಳೆದು, ಒಣಗಿಸಿ, ತೆಳುವಾಗಿ ಮೇಣ ಹಚ್ಚಬೇಕು. ಪಾರಿವಾಳದ ಹಿಕ್ಕೆ ಕಂಚನ್ನು ತಿನ್ನುತ್ತದೆ. ಹಾಲು, ಎಣ್ಣೆ, ಕುಂಕುಮವೂ ಅಷ್ಟೇ. ಹೂಮಾಲೆಯ ಒಳಗಿನ ತಂತಿ ಗೀರುತ್ತದೆ. ಈ ಖರ್ಚನ್ನು ಮೊದಲ ದಿನವೇ ಬೇರೆ ತೆಗೆದಿಡಿ, ಹತ್ತಿರದ ಒಂದು ಶಾಲೆಗೆ ಹೊಣೆ ಒಪ್ಪಿಸಿ.

ಇಷ್ಟೆಲ್ಲ ತಾಪತ್ರಯ ಏಕೆ ಎಂದು ಕೇಳುವವರಿದ್ದಾರೆ. 2021ರಲ್ಲಿ ಅಮೆರಿಕದ ಮಾನ್ಯುಮೆಂಟ್ ಲ್ಯಾಬ್ ಎಂಬ ಸಂಸ್ಥೆ ಆ ದೇಶದ ಸ್ಮಾರಕಗಳನ್ನು ಎಣಿಸಿತು. ಅತಿ ಹೆಚ್ಚು ಸ್ಮಾರಕವಿರುವ ಮೊದಲ 50 ವ್ಯಕ್ತಿಗಳಲ್ಲಿ ಹೆಂಗಸರು ಮೂವರು. ನಮ್ಮ ಲೆಕ್ಕ ನೀವೇ ಹಾಕಿ. ರಾಜ್‌ಕುಮಾರ್ ಮೂರ್ತಿ ಕಂಡ ಊರುಗಳನ್ನು ಬೆರಳಲ್ಲಿ ಎಣಿಸಿ ಮುಗಿಸಲಾಗದು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಅವರ ಎದುರು ನಾಯಕಿಯಾಗಿದ್ದ ಪಂಢರಿಬಾಯಿಯ ಮೂರ್ತಿಯನ್ನು ನೀವು ಎಷ್ಟು ಊರಲ್ಲಿ ಕಂಡಿದ್ದೀರಿ?

ಆದರೂ ನಾಳೆಯೇ ಚಂದಾ ಪುಸ್ತಕ ಅಚ್ಚು ಹಾಕಿಸಬೇಡಿ. ಮೂರ್ತಿಗೆ ಬೇಕಾದ ಮೊದಲ ಸಾಮಗ್ರಿ ಕಂಚಲ್ಲ, ದಾಖಲೆ. ಜಾತ್ರೆಗಳಲ್ಲಿ ಟೆಂಟು ಹಾಕುತ್ತಿದ್ದ ನಾಟಕ ಕಂಪನಿಗಳಲ್ಲಿ, ಮುಂಬಯಿ ಹೈದರಾಬಾದುಗಳ ಸ್ಟುಡಿಯೊಗಳಲ್ಲಿ ದುಡಿದ ಹೆಂಗಸರು ನಮ್ಮ ಕಡೆಯ ಮನೆತನಗಳಲ್ಲೂ ಇದ್ದಾರು. ಅವರ ಹೆಸರು ಹೇಳಲು ಮನೆಯವರೇ ಹಿಂದೆಗೆಯುತ್ತಿದ್ದ ಕಾಲ ಒಂದಿತ್ತು, ಈಗ ಹಾಗಿಲ್ಲ. ನಿಮ್ಮ ಅಜ್ಜಿಯ ಟ್ರಂಕಿನಲ್ಲಿ ಅಂಥ ಒಂದು ಫೋಟೊ ಸಿಕ್ಕರೆ, ಅಜ್ಜಿ ಇರುವಾಗಲೇ ಕೇಳಿ, ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲ್ಲಿನಿಂದ ಹೆಸರು, ಊರು, ವರ್ಷ ಬರೆದಿಡಿ. ಬಾಲ್‌ಪೆನ್ನು ಬೇಡ, ಅದರ ಗುರುತು ಮುಂಬದಿಗೆ ಮೂಡುತ್ತದೆ.